ಉಪ್ಪಿನಕಾಯಿಗೂ ಕೂಗುವ ಮೆಷಿನ್

"ಸಾರ್, ನಿಮ್ಮ ಮೆಷಿನ್‌ಗೆ ತಲೆ ಕೆಟ್ಟಿದೆ. ಬರೀ ಉಪ್ಪಿನಕಾಯಿ ಹೋದ್ರೂ ಕೂಗುತ್ತೆ." ಪೀಣ್ಯದ ಒಂದು ಘಟಕದ ಸೂಪರ್‌ವೈಸರ್ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ್ದರು. ಆಹಾರ ಘಟಕಗಳಲ್ಲಿ ಪ್ಯಾಕೆಟ್ ಒಳಗೆ ಲೋಹದ ಚೂರು ಇದ್ದರೆ ಕೂಗಿ ಹೇಳುವ ಮೆಟಲ್ ಡಿಟೆಕ್ಟರ್ ನೋಡಿಕೊಳ್ಳುವುದು ನನ್ನ ಕೆಲಸ. ಜಾಲಹಳ್ಳಿ ಕ್ರಾಸ್ ದಾಟಿ ನಾನು ಹೋಗುವಷ್ಟರಲ್ಲಿ ಮೆಷಿನ್ ಬೇಡವೆಂದು ತಳ್ಳಿದ ಪ್ಯಾಕೆಟ್ ಬೀಳುವ ರಿಜೆಕ್ಟ್ ಬುಟ್ಟಿ ತುಂಬಿತ್ತು. ತೆರೆದು ನೋಡಿದರೆ ಒಂದು ಪ್ಯಾಕೆಟ್‌ನಲ್ಲೂ ಲೋಹ ಇಲ್ಲ.

ಈ ಮೆಷಿನ್‌ಗೆ ಕಬ್ಬಿಣ, ತಾಮ್ರ ಅಂತ ಹೆಸರುಗಳು ಗೊತ್ತಿಲ್ಲ. ಬೆಲ್ಟ್ ಹಾಯುವ ಸುರಂಗದೊಳಗೆ ಮೂರು ಕಾಯಿಲ್, ಅಂದರೆ ತಂತಿ ಸುರುಳಿ, ಇರುತ್ತವೆ. ನಡುವಿನದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಅಕ್ಕಪಕ್ಕದ ಎರಡು ಅದನ್ನು ಸಮಸಮವಾಗಿ ಹಿಡಿಯುತ್ತವೆ. ಅವೆರಡನ್ನೂ ಎದುರುಬದುರು ಜೋಡಿಸಿರುವುದರಿಂದ ಲೆಕ್ಕ ಸೊನ್ನೆ. ಖಾಲಿ ತಕ್ಕಡಿ ಇದ್ದ ಹಾಗೆ.

ಲೋಹ ಹಾಯ್ದಾಗ ತಕ್ಕಡಿ ಯಾವ ಕಡೆ, ಹೇಗೆ ವಾಲಿತು ಎನ್ನುವುದರಲ್ಲೇ ಗುಟ್ಟು. ಕಬ್ಬಿಣ ಕಾಂತಕ್ಷೇತ್ರವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ತಾಮ್ರ, ಅಲ್ಯೂಮಿನಿಯಂ ಹಾಗಲ್ಲ. ಅವುಗಳೊಳಗೆ ವಿದ್ಯುತ್ ಸುಳಿಸುಳಿಯಾಗಿ ಹರಿದು ಆ ಕ್ಷೇತ್ರವನ್ನೇ ಎದುರಿಸುತ್ತದೆ. ಎರಡರ ಸಿಗ್ನಲ್ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಈ ಸಣ್ಣ ಅಂತರಕ್ಕೆ ನಾವು ಫೇಸ್ ಅನ್ನುತ್ತೇವೆ.

ಈಗ ಉಪ್ಪಿನಕಾಯಿಗೆ ಬರೋಣ. ಉಪ್ಪು, ಹುಳಿ, ನೀರು ಮೂರೂ ಸೇರಿದರೆ ವಿದ್ಯುತ್ ಹರಿಯುತ್ತದೆ ಅಲ್ವಾ? ಮೆಷಿನ್ ಕಣ್ಣಿಗೆ ಅದೂ ಒಂದು ಲೋಹವೇ. ಅದಕ್ಕೇ ಮೊದಲು ಒಳ್ಳೆಯ ಪ್ಯಾಕೆಟ್ ನಾಲ್ಕಾರು ಸಲ ಹಾಯಿಸಿ, "ಈ ಫೇಸ್ ಬಂದರೆ ಸುಮ್ನಿರು" ಅಂತ ಕಲಿಸಬೇಕು. ಒಣ ಖಾರದ ಪುಡಿಗೆ ಇಷ್ಟೆಲ್ಲ ಕಷ್ಟ ಇಲ್ಲ. ಇಲ್ಲಿ ರಾತ್ರಿ ಪಾಳಿಯವರು ಮಾವಿನಕಾಯಿ ಮುಗಿಸಿ ನಿಂಬೆಕಾಯಿ ಹಾಕಿದ್ದರು. ಪ್ಯಾಕೆಟ್ ಗಾತ್ರವೂ ಬದಲಾಗಿತ್ತು. ಸೆಟ್ಟಿಂಗ್ ಮಾತ್ರ ಹಳೆಯದೇ.

ಸೂಪರ್‌ವೈಸರ್ ಸೆನ್ಸಿಟಿವಿಟಿ ಇಳಿಸಿ ಅಂದರು. ಎಲ್ಲರೂ ಇದನ್ನೇ ಕೇಳುತ್ತಾರೆ. ನನಗೆ ಇದರಷ್ಟು ಕೋಪ ಬರಿಸುವ ಮಾತಿಲ್ಲ. ಇಳಿಸಿದರೆ ನಿಜವಾದ ಲೋಹವೂ ತಪ್ಪಿಸಿಕೊಳ್ಳುತ್ತದೆ, ಯಾಕೆಂದರೆ ಅಡುಗೆ ಪಾತ್ರೆ, ಜರಡಿಗೆ ಬಳಸುವ 316 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ. ವಿದ್ಯುತ್ ಹರಿಸುವುದರಲ್ಲೂ ತಾಮ್ರದ ಮುಂದೆ ಅದು ಸುಮಾರು ನಲವತ್ತರಲ್ಲಿ ಒಂದು ಪಾಲು. ಮೊದಲೇ ಮಂಕು ಸಿಗ್ನಲ್, ಉಪ್ಪುನೀರಿನ ಗದ್ದಲದಲ್ಲಿ ಮುಳುಗೇ ಹೋಗುತ್ತದೆ. ಜರಡಿಯ ತಂತಿ ತುಂಡಾದರೆ ಇನ್ನೂ ತಲೆನೋವು. ಅದು ಬೆಲ್ಟ್‌ಗೆ ಅಡ್ಡ ಬಿದ್ದರೆ ಸಿಗುತ್ತದೆ, ಉದ್ದಕ್ಕೆ ಮಲಗಿದರೆ ತಪ್ಪಿಸಿಕೊಳ್ಳುತ್ತದೆ. ಕಬ್ಬಿಣದ ತಂತಿಯದು ಇದಕ್ಕೆ ಉಲ್ಟಾ.

ನಿಂಬೆಕಾಯಿ ಪ್ಯಾಕೆಟ್ ಹಾಯಿಸಿ ಹೊಸದಾಗಿ ಕಲಿಸಿದೆ. ಮೆಷಿನ್ ತೆಪ್ಪಗಾಯಿತು. ಲೋಹ ಹಿಡಿಯುತ್ತದಾ ಅಂತ ನೋಡಲು ಪ್ಯಾಕೆಟ್ ಜೊತೆ ಕಬ್ಬಿಣದ ಟೆಸ್ಟ್ ಗುಂಡು ಇಟ್ಟೆ, ಕೂಗಿತು. ಹಿತ್ತಾಳೆಗೂ ಕೂಗಿತು. 2.5 ಮಿಲಿಮೀಟರ್ ಸ್ಟೀಲ್ ಗುಂಡಿಗೆ ಸದ್ದೇ ಇಲ್ಲ. ಫೇಸ್ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಹಾಯಿಸಿ, ಮತ್ತೆ ತಿರುಗಿಸಿ, ಮೂರನೇ ಸಲಕ್ಕೆ ಪ್ಯಾಕೆಟ್ ಬುಟ್ಟಿಗೆ ಬಿತ್ತು.

"ಈಗ ಕೂಗಿದ್ದು ಸರಿ ತಾನೇ ಸಾರ್?" ಸೂಪರ್‌ವೈಸರ್ ಕೇಳಿದರು.