ಗಡಿಗೆಯೊಳಗಿನ ಇನ್ಸುಲಿನ್, ಮುಚ್ಚದ ಬಾಗಿಲು

ಮಹಾಲಿಂಗಪುರದ ನಮ್ಮ ಕಾಕಾನ ಮನೆಯಲ್ಲಿ ಅಡುಗೆಮನೆಯ ಮೂಲೆಗೆ ಎರಡು ಗಡಿಗೆ ಇವೆ. ದೊಡ್ಡದರೊಳಗೆ ಸಣ್ಣದು, ನಡುವೆ ಹಸಿ ಉಸುಕು. ಸಣ್ಣದರಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಕಾಕಾನ ಸಕ್ಕರೆ ಕಾಯಿಲೆಗೆ ಚುಚ್ಚುವ ಇನ್ಸುಲಿನ್ ಬಾಟಲಿ. ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ಕಾಕು ಫ್ರಿಜ್ ನಂಬುವುದಿಲ್ಲ. ದಿನಾ ಎರಡು ಹೊತ್ತು ಉಸುಕಿಗೆ ನೀರು ಚಿಮುಕಿಸುತ್ತಾಳೆ. ಬಾಟಲಿಯ ಔಷಧಿ ಮಿಲಿಲೀಟರಿಗೆ 40 ಯೂನಿಟ್‌ನದು, ಸಿರಿಂಜಿನ ಮುಚ್ಚಳ ಕೆಂಪು. ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್ ಮಿಲಿಲೀಟರಿಗೆ 100 ಯೂನಿಟ್‌ನದು. ಅದರ ಔಷಧಿಯನ್ನು ಈ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗಿಬಿಡುತ್ತದೆ. ಇದನ್ನು ಕಾಕುಗೆ ಯಾರೂ ಎರಡನೇ ಸಲ ಹೇಳಬೇಕಾಗಿಲ್ಲ.

ಕಾಕಾ ವರ್ಷಾನುಗಟ್ಟಲೆ ಗಾಣ ನಡೆಸಿದವರು. ಊರಿನವರು ಯಾವತ್ತೋ ತೀರ್ಪು ಕೊಟ್ಟಾಗಿದೆ: "ಬೆಲ್ಲದ ಪೆಂಟಿ ಮುಂದ ಕುಂತಾಂವಗ ಸಕ್ರಿ ಜಡ್ಡು ಬರದ ಇನ್ನೇನ ಬರ್ತೈತಿ?" ಕಬ್ಬಿನ ಸೀಮೆಯಲ್ಲಿ ಈ ಮಾತು ಸುಮ್ನೆ ಬಾಯಿಗೆ ಬರುತ್ತದೆ. ಸಿಹಿ ಜಾಸ್ತಿಯಾಗಿ ಮೈತೂಕ ಏರಿದರೆ ಅಪಾಯ ಏರುವುದು ನಿಜ. ಆದರೆ ಅದೇ ಕೊಪ್ಪರಿಗೆ ಸುತ್ತ ನಿಂತು ಬಿಸಿ ಬೆಲ್ಲ ನೆಕ್ಕಿದ ಉಳಿದವರಿಗೆ ಯಾಕೆ ಬರಲಿಲ್ಲ? ಸಿಹಿ ಅಂದರೇನು ಅಂತಲೇ ತಿಳಿಯದ ಎರಡು ತಿಂಗಳ ಕೂಸಿಗೆ ಯಾಕೆ ಬರುತ್ತದೆ?

ಈ ಕಥೆ ಶುರುವಾಗುವುದು 1869ರಲ್ಲಿ, ಬರ್ಲಿನ್‌ನಲ್ಲಿ. ಪಾಲ್ ಲ್ಯಾಂಗರ್‌ಹಾನ್ಸ್ ಅನ್ನುವ 21 ವರ್ಷದ ವೈದ್ಯಕೀಯ ವಿದ್ಯಾರ್ಥಿಗೆ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಬೇರೆ ಥರದ ಕೋಶಗಳ ಗುಂಪು ಕಂಡವು. ಅವು ಯಾತಕ್ಕೆ ಅಂತ ಅವನಿಗೆ ಗೊತ್ತಾಗಲಿಲ್ಲ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಅನ್ನುವ ಇಬ್ಬರು ವೈದ್ಯರು ಒಂದು ನಾಯಿಯ ಮೇದೋಜೀರಕ ತೆಗೆದು ನೋಡಿದರು. ನಾಯಿಗೆ ಸಕ್ಕರೆ ಕಾಯಿಲೆ ಬಂತು. ಲ್ಯಾಂಗರ್‌ಹಾನ್ಸ್ ಕಂಡ ಆ ಗುಂಪುಗಳಿಗೆ ಈಗ 'ದ್ವೀಪ' ಅನ್ನುತ್ತಾರೆ. ಒಬ್ಬ ಮನುಷ್ಯನಲ್ಲಿ ಸುಮಾರು 10 ಲಕ್ಷ ದ್ವೀಪಗಳಿದ್ದರೂ ಎಲ್ಲ ಸೇರಿ ಒಂದೆರಡು ಗ್ರಾಂ ತೂಗುತ್ತವೆ, ಅಷ್ಟೇ. ಅವುಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ಮಾಡುವುದು.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದರು. ಆ ಮೊದಲ ಸೂಜಿ ಸರಿಹೋಗಲಿಲ್ಲ, ಔಷಧಿ ಶುದ್ಧವಿರಲಿಲ್ಲ. ಹನ್ನೆರಡು ದಿನದ ಮೇಲೆ ಕಾಲಿಪ್ ಅನ್ನುವ ಜೀವರಸಾಯನ ವಿಜ್ಞಾನಿ ಶುದ್ಧ ಮಾಡಿಕೊಟ್ಟದ್ದು ಕೆಲಸ ಮಾಡಿತು. ಅಲ್ಲಿಂದ ಅರವತ್ತು ವರ್ಷ ಜಗತ್ತು ಹಂದಿ, ದನಗಳ ಇನ್ಸುಲಿನ್ ಮೇಲೆ ಬದುಕಿತು. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಒಂದೇ ಒಂದು ಅಮೈನೋ ಆಮ್ಲದ, ಅಂದರೆ ಪ್ರೋಟೀನಿನ ಸರದಲ್ಲಿ ಒಂದೇ ಮಣಿಯ ವ್ಯತ್ಯಾಸ. ಇನ್ಸುಲಿನ್ನಿನ 51 ಅಮೈನೋ ಆಮ್ಲಗಳು ಯಾವ ಸಾಲಿನಲ್ಲಿವೆ ಅಂತ 1955ರ ಹೊತ್ತಿಗೆ ಇಂಗ್ಲೆಂಡಿನ ವಿಜ್ಞಾನಿ ಸ್ಯಾಂಗರ್ ಪೂರ್ತಿ ಬಿಡಿಸಿಟ್ಟರು. 1978ರಲ್ಲಿ ಮನುಷ್ಯನ ಇನ್ಸುಲಿನ್ ಜೀನ್‌ನ ಸೂಚನೆಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರ ಕೈಯಲ್ಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಅಂಗಡಿಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾಡಿದ ಇನ್ಸುಲಿನ್ ತಂದಿತು.

ಇದೆಲ್ಲ ಹೊರಗಿಂದ ಇನ್ಸುಲಿನ್ ಕೊಡುವ ಮಾತಾಯಿತು. ಒಳಗಿನ ಕೋಶ ಯಾಕೆ ಕೈಕೊಟ್ಟಿತು?

ಇನ್ಸುಲಿನ್ ಜೀನ್ ನಮ್ಮ 11ನೇ ಕ್ರೋಮೊಸೋಮ್ ಮೇಲಿದೆ. ಚರ್ಮದ ಕೋಶದಲ್ಲೂ ಇದೆ, ಮಿದುಳಿನಲ್ಲೂ ಇದೆ. ಆದರೆ ಅದನ್ನು ಓದಿ ಕೆಲಸ ಮಾಡುವುದು ಹೆಚ್ಚುಕಮ್ಮಿ ಬೀಟಾ ಕೋಶ ಮಾತ್ರ. ಮಾಡಿಟ್ಟ ಇನ್ಸುಲಿನ್ನನ್ನು ಅದು ಸಿಕ್ಕಾಪಟ್ಟೆ ಬಿಡುವುದೂ ಇಲ್ಲ. ಊಟವಾದ ಮೇಲೆ ರಕ್ತದ ಗ್ಲೂಕೋಸ್ ಕೋಶದೊಳಗೆ ಬರುತ್ತದೆ. ಗ್ಲುಕೋಕೈನೇಸ್ ಅನ್ನುವ ಕಿಣ್ವ ಅದನ್ನು ಅಳೆದಂತೆ ಹಿಡಿಯುತ್ತದೆ. ಅದರಿಂದ ಶಕ್ತಿ ಹುಟ್ಟುತ್ತದೆ. ಶಕ್ತಿ ಏರಿದ ಕೂಡಲೇ ಕೋಶದ ಗೋಡೆಯಲ್ಲಿನ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತದೆ. ಅದು ಮುಚ್ಚಿದರೆ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಕಾಲುವೆ ನೀರು ಬಿಡುವವರಿಗೆ ಈ ಲೆಕ್ಕ ಹೊಸದೇನಲ್ಲ: ಒಂದು ತೂಬು ಮುಚ್ಚಿದರೇ ಇನ್ನೊಂದು ಕಡೆ ನೀರು ಹರಿಯುವುದು.

ಈಗ ಆ ಪೊಟ್ಯಾಸಿಯಂ ಬಾಗಿಲು ಮುಚ್ಚದೇ ಹೋದರೆ? ಇನ್ಸುಲಿನ್ ಒಳಗೆ ತುಂಬಿದೆ, ಹೊರಗೆ ಬರುತ್ತಿಲ್ಲ. ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಬರುವ ಕೂಸುಗಳಲ್ಲಿ ಹಲವರಿಗೆ ಆಗಿರುವುದು ಇದೇ ಅಂತ 2004ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಹ್ಯಾಟರ್ಸ್ಲಿ ಮತ್ತು ಅವರ ಜೊತೆಗಾರರು ತೋರಿಸಿದರು. ತಪ್ಪು ಇದ್ದದ್ದು ಆ ಬಾಗಿಲಿನ ಭಾಗವನ್ನು ಮಾಡುವ ಕೆಸಿಎನ್‌ಜೆ11 ಅನ್ನುವ ಜೀನ್‌ನಲ್ಲಿ.

ಇದಕ್ಕೆ ಔಷಧಿ ಆಗಲೇ ಮೆಡಿಕಲ್ ಶಾಪಿನ ಕಪಾಟಿನಲ್ಲಿತ್ತು! 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆದಲ್ಲಿ ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಮಾತ್ರೆ ಕೊಟ್ಟಾಗ ಅವರ ಸಕ್ಕರೆ ಧಡಕ್ಕನೆ ಇಳಿದಿತ್ತು. ಆ ಜಾಡು ಹಿಡಿದು ಹುಟ್ಟಿದ ಮಾತ್ರೆಗಳೇ ಸಲ್ಫೋನಿಲ್‌ಯೂರಿಯಾ. ನಮ್ಮ ಹಿರಿಯರಲ್ಲಿ ಅನೇಕರು ನುಂಗಿದ ಗ್ಲಿಬೆನ್‌ಕ್ಲಮೈಡ್ ಇದೇ ಬಳಗದ್ದು. ಅದರ ಕೆಲಸ ಆ ಪೊಟ್ಯಾಸಿಯಂ ಬಾಗಿಲನ್ನು ಮುಚ್ಚುವುದು. 2006ರಲ್ಲಿ ಈ ಜೀನ್ ದೋಷ ಇದ್ದ 49 ಜನರಿಗೆ ಆ ಮಾತ್ರೆ ಕೊಟ್ಟು ನೋಡಿದರು. 44 ಜನ ಇನ್ಸುಲಿನ್ ಸೂಜಿಯನ್ನೇ ಬಿಟ್ಟರು. ಕೂಸಾಗಿದ್ದಾಗಿನಿಂದ ಚುಚ್ಚಿಸಿಕೊಂಡವರು, ಅಲ್ವಾ? ಸಕ್ಕರೆ ಕಾಯಿಲೆಯ ಇಡೀ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಸುದ್ದಿ ಕಂಡಿಲ್ಲ.

ಗ್ಲುಕೋಕೈನೇಸ್ ಜೀನ್‌ನ ಎರಡು ಪ್ರತಿಗಳಲ್ಲಿ ಒಂದರಲ್ಲಷ್ಟೇ ತಪ್ಪಿದ್ದರೆ ಕಥೆ ಬೇರೆ. ತಕ್ಕಡಿಯ ಮುಳ್ಳೇ ಸ್ವಲ್ಪ ಮೇಲೆ ನಿಂತಂತೆ, ಸಕ್ಕರೆ ಜೀವನಪೂರ್ತಿ ಕೊಂಚ ಜಾಸ್ತಿ ಇರುತ್ತದೆ. ಹೆಚ್ಚಿನವರಿಗೆ ಔಷಧಿಯೇ ಬೇಡ. ಎಚ್‌ಎನ್‌ಎಫ್1ಎ ಅನ್ನುವ ಇನ್ನೊಂದು ಜೀನ್ ಕೆಟ್ಟಿದ್ದರೆ ಮತ್ತೆ ಅದೇ ಹಳೇ ಮಾತ್ರೆ, ಕಡಿಮೆ ಡೋಸ್‌ನಲ್ಲಿ ಸಾಕಾಗುತ್ತದೆ. ಹೀಗೆ ಒಂದೇ ಜೀನ್‌ನಿಂದ ಬಂದು ಮನೆತನದಲ್ಲಿ ಇಳಿಯುವ ಬಗೆಗೆ 'ಮೋಡಿ' (ಇಂಗ್ಲಿಷಿನಲ್ಲಿ MODY) ಅಂತ ಹೆಸರು. ಬೆಳಗಾವಿಯವರಿಗೆ ಮೋಡಿ ಅಂದರೆ ಹಳೇ ಜಮೀನು ಕಾಗದಗಳ ಲಿಪಿ ನೆನಪಾಗಬಹುದು. ಓದಲು ಬಲ್ಲವರು ಕಡಿಮೆ ಅನ್ನುವುದು ಎರಡಕ್ಕೂ ಹೊಂದುತ್ತದೆ.

ಬಹುತೇಕರದು ಮಾತ್ರ ಇಷ್ಟು ಸರಳವಲ್ಲ. ಟೈಪ್ 1ರಲ್ಲಿ ಮೈಯ ರೋಗನಿರೋಧಕ ಪಡೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಕಾಕಾನ ಟೈಪ್ 2ರಲ್ಲಿ ನೂರಾರು ಜೀನ್‌ಗಳ ಚಿಲ್ಲರೆ ಚಿಲ್ಲರೆ ಪಾಲಿದೆ. ತೂಕ, ವಯಸ್ಸು, ಕೂತು ಮಾಡುವ ಕೆಲಸ ಅದಕ್ಕೆ ಸೇರಿ, ವರ್ಷಗಳ ಮೇಲೆ ಕೋಶ ಸುಸ್ತಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅದರಲ್ಲಿ ಟೈಪ್ 2 ಬಗೆಯೇ ಬಹುಪಾಲು.

ಪೇಪರಿನಲ್ಲಿ ದೊಡ್ಡ ತಲೆಬರಹ ಸಿಗುವುದು ಹೊಸ ಕೋಶ ಹಾಕುವ ಚಿಕಿತ್ಸೆಗೆ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಸತ್ತವರು ದಾನ ಕೊಟ್ಟ ದ್ವೀಪಗಳನ್ನು 7 ಜನರ ಯಕೃತ್ತಿಗೆ ಸೇರಿಸಿದರು. ಏಳೂ ಜನ ಇನ್ಸುಲಿನ್ ಬಿಟ್ಟರು. ಮುಂದೆ ಹೀಗೆ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಐದು ವರ್ಷದೊಳಗೆ ಮತ್ತೆ ಸೂಜಿಗೆ ಬಂದರು. 2025ರಲ್ಲಿ ಕಾಂಡಕೋಶದಿಂದ, ಅಂದರೆ ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಮೂಲಕೋಶದಿಂದ, ಬೆಳೆಸಿದ ದ್ವೀಪಗಳ ವರದಿ ಬಂತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನಕ್ಕೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಲಿಲ್ಲ. ಆದರೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಅದೇ ವರ್ಷ ಸ್ವೀಡನ್ನಿನ ಉಪ್ಸಲಾದಿಂದ ಇನ್ನೊಂದು ಸುದ್ದಿ. ಮೈಯ ಕಾವಲುಗಾರರ ಕಣ್ಣಿಗೆ ಬೀಳದಂತೆ ಜೀನ್ ತಿದ್ದಿದ ಕೋಶಗಳನ್ನು ಒಬ್ಬನ ಮುಂಗೈ ಸ್ನಾಯುವಿಗೆ ಹಾಕಿದರು. ಅಂಥ ಮಾತ್ರೆ ಇಲ್ಲದೆಯೇ ಅವು ಬದುಕಿ ಇನ್ಸುಲಿನ್ ಮಾಡಿದವು. ಹಾಕಿದ್ದು ಸ್ವಲ್ಪವೇ, ಹಾಗಾಗಿ ಅವನ ಸೂಜಿ ನಿಂತಿಲ್ಲ.

ಇದನ್ನೆಲ್ಲ ಹೇಳಿದಾಗ ಕಾಕಾ ಕೇಳಿದ್ದು ಒಂದೇ: "ಇಲ್ಲಿಗೆ ಬರಾಕ ಎಷ್ಟ ವರ್ಷ ಬೇಕೋ ತಮ್ಮಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಂದಿರುವುದು ಒಂದಿದೆ, ಪರೀಕ್ಷೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ. ಸಿ-ಪೆಪ್ಟೈಡ್ ಅನ್ನುವ ರಕ್ತ ಪರೀಕ್ಷೆಯಲ್ಲಿ ಮೈಯಲ್ಲಿ ಸ್ವಂತ ಇನ್ಸುಲಿನ್ ಇನ್ನೂ ಹುಟ್ಟುತ್ತಿದೆಯೇ ಅಂತ ಗೊತ್ತಾಗುತ್ತದೆ. ಜೀನ್ ಪರೀಕ್ಷೆಯ ಕೆಲಸವನ್ನು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮಾಡುತ್ತಿದೆ. ಆರು ತಿಂಗಳೊಳಗೆ ಸಕ್ಕರೆ ಕಾಯಿಲೆ ಬಂದ ಮಗು ಮನೆಯಲ್ಲಿದ್ದರೆ, ಅದು ಈಗ ಹೈಸ್ಕೂಲಿಗೆ ಹೋಗುತ್ತಿದ್ದರೂ ಸರಿ, ಡಾಕ್ಟರಿಗೆ ಆ ವಯಸ್ಸನ್ನು ಬಿಡಿಸಿ ಹೇಳಿ ಜೀನ್ ಪರೀಕ್ಷೆ ಬೇಕೇ ಅಂತ ಕೇಳಿ. ಫಲಿತಾಂಶ ಬರುವ ತನಕ ಸೂಜಿ ಮಾತ್ರ ನಿಲ್ಲಿಸಬೇಡಿ.