ಬೋಳು ದನ

ಬೋಳು ತಲೆ, ಬೋಳು ಗುಡ್ಡ, ಬೋಳು ಮರ. ಎಲ್ಲದರಲ್ಲೂ ಇದ್ದದ್ದು ಹೋಯಿತು ಅನ್ನೋ ಅರ್ಥವೇ. ಅದಕ್ಕೇ ಕೊಂಬಿಲ್ಲದ್ದನ್ನು ‘ಬೋಳು ದನ’ ಅಂದಾಗಲೂ ಅದಕ್ಕೇನೋ ಕೊರತೆ ಅನಿಸುತ್ತದೆ. ಇಲ್ಲಿ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ.

ಕೊಂಬಿನ ಒಳಗಿರುವುದು ತಲೆಬುರುಡೆಗೆ ಸೇರಿದ ಮೂಳೆ. ಮೇಲಿನದು ಕೆರಾಟಿನ್ ಕವಚ. ನಮ್ಮ ಉಗುರು, ದನದ ಗೊರಸು ಆಗಿರುವುದೂ ಇದರಿಂದಲೇ. ಜಿಂಕೆಯ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬರುತ್ತದೆ, ದನದ್ದು ಹಾಗಲ್ಲ. ಒಮ್ಮೆ ಬಂದರೆ ಕೊನೆತನಕ. ಎಳೆಗರುವಿನಲ್ಲಿ ಮಾತ್ರ ಅದಿನ್ನೂ ಬರೀ ಮೊಗ್ಗು. ಸುಮಾರು ಎರಡು ತಿಂಗಳು ಚರ್ಮದಲ್ಲಷ್ಟೇ ಇದ್ದು, ಆಮೇಲೆ ಬುರುಡೆಗೆ ಅಂಟಿಕೊಳ್ಳುತ್ತದೆ. ಕೊಂಬು ಬೇಡ ಅನ್ನುವವರು ಅಷ್ಟರೊಳಗೇ ಮೊಗ್ಗು ಸುಟ್ಟುಬಿಡುವುದು ಇದಕ್ಕೇ. (ಅದೂ ನೋವೇ. ಮರಗಟ್ಟಿಸುವ ಮದ್ದು ಕೊಡದೆ ಮಾಡಬಾರದು.) ಬೆಳೆದ ಕೊಂಬಿನೊಳಗಿನ ಟೊಳ್ಳು ಹಣೆಯ ಟೊಳ್ಳಿಗೆ ಕೂಡಿರುತ್ತದೆ. ಅದನ್ನು ಕತ್ತರಿಸಿದರೆ ರಕ್ತ ಜಾಸ್ತಿ, ಸೋಂಕಿನ ಭಯ ಬೇರೆ.

ಹೀಗೆ ಕೊಂಬು ತೆಗೆಸಿಕೊಂಡ ದನ ನಿಜವಾದ ಬೋಳು ದನ ಅಲ್ಲ. ತೆಗೆದದ್ದು ಕೊಂಬನ್ನು, ಗುಣವನ್ನಲ್ಲ. ಅದರ ಕರುವಿಗೆ ಕೊಂಬು ಬರಬಹುದು. ಹುಟ್ಟಿನಿಂದಲೇ ಬೋಳಾದದ್ದಕ್ಕೆ ಇಂಗ್ಲಿಷಿನಲ್ಲಿ ‘ಪೋಲ್ಡ್’ ಅನ್ನುತ್ತಾರೆ. ಪೋಲ್ ಅಂದರೆ ನೆತ್ತಿ, ತಲೆ. ಚುನಾವಣೆಯ ‘ಪೋಲ್’ ಕೂಡ ಇದೇ ಪದ, ತಲೆ ಎಣಿಕೆ ಅಲ್ವಾ! ಆಂಗಸ್, ಗ್ಯಾಲೋವೇ ತಳಿಗಳು ಹುಟ್ಟಾ ಬೋಳು.

ನನಗೆ ಮಜಾ ಅನಿಸುವುದು ಮುಂದಿನದು. ಬೋಳುತನದ ಜೀನೇ ಇಲ್ಲಿ ಜೋರು. ಹೋರಿಯಿಂದಲೋ ಹಸುವಿನಿಂದಲೋ ಒಂದು ಬಂದರೂ ಸಾಕು, ಕರು ಬೋಳು. ಕೊಂಬು ಮೂಡಬೇಕಾದರೆ ಎರಡೂ ಕಡೆಯಿಂದ ಕೊಂಬಿನ ಜೀನೇ ಬರಬೇಕು. ಬೋಳು ಹೋರಿ, ಬೋಳು ಹಸು ಎರಡರಲ್ಲೂ ಅದು ಒಂದೊಂದು ಅಡಗಿದ್ದರೆ, ಕೊಂಬಿನ ಕರು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಗುಣದ ಜಾಗ ದನದ 1ನೇ ಕ್ರೋಮೋಸೋಮು. ಯುರೋಪಿನ ಹಲವು ಬೋಳು ತಳಿಗಳಲ್ಲಿ ಅಲ್ಲಿನ 212 ಅಕ್ಷರಗಳ ಡಿಎನ್‌ಎ ತುಂಡು ಎರಡು ಸಲ ಬರೆದಂತಿದೆ, 10 ಅಕ್ಷರ ಅಳಿಸಿಹೋಗಿದೆ. ಲೆಕ್ಕ ಹಾಕಿದರೆ ಬೋಳು ದನದ ಡಿಎನ್‌ಎಯಲ್ಲಿ ಬರಹ ಕಮ್ಮಿಯಲ್ಲ, ಜಾಸ್ತಿಯೇ!

ಪೂರ್ತಿ ಕೊಂಬೂ ಅಲ್ಲದ, ಪೂರ್ತಿ ಬೋಳೂ ಅಲ್ಲದ ಇನ್ನೊಂದಿದೆ. ಬೋಳು ಇರಬೇಕಾದ ತಲೆಯಲ್ಲಿ, ಹೆಚ್ಚಾಗಿ ಗಂಡಿನಲ್ಲಿ, ಪುಟ್ಟ ಕೊಂಬಿನಂಥದ್ದು ಏಳುತ್ತದೆ. ಸಾಮಾನ್ಯವಾಗಿ ಬುರುಡೆಗೆ ಅಂಟಿರುವುದಿಲ್ಲ. ಹಿಡಿದು ಅಲ್ಲಾಡಿಸಿದರೆ ಅಲ್ಲಾಡುತ್ತದೆ.