ಎಮ್ಮಿ ನೋಯ್ಟರ್: ಹುದ್ದೆಯ ಲೆಕ್ಕ, ಗಣಿತದ ಲೆಕ್ಕ

ಜರ್ಮನ್ ಗಣಿತಜ್ಞೆ ಎಮ್ಮಿ ನೋಯ್ಟರ್ ಅವರ ವೃತ್ತಿಜೀವನವನ್ನು ಓದುವಾಗ ನಾವು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಡಾಕ್ಟರೇಟ್, ಬೋಧಿಸುವ ಹಕ್ಕು, ಪ್ರಾಧ್ಯಾಪಕರೆಂಬ ಹೆಸರು, ಸಂಬಳ, ಈ ನಾಲ್ಕೂ ಜೊತೆಜೊತೆಗೇ ಬರುತ್ತವೆ ಎಂದುಕೊಳ್ಳುತ್ತೇವೆ. ಅಂದಿನ ಜರ್ಮನಿಯಲ್ಲಿ ಇವು ಬೇರೆ ಬೇರೆ ಮೆಟ್ಟಿಲುಗಳು. ಮೊದಲನೆಯದರಿಂದ ಕೊನೆಯದಕ್ಕೆ ಏರಲು ಅವರಿಗೆ 16 ವರ್ಷ ಹಿಡಿಯಿತು.

ಅವರು ಹುಟ್ಟಿದ್ದು 1882ರಲ್ಲಿ, ಎರ್ಲಾಂಗೆನ್‌ನಲ್ಲಿ. ತಂದೆ ಮ್ಯಾಕ್ಸ್ ನೋಯ್ಟರ್ ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ಗಣಿತದ ಪ್ರಾಧ್ಯಾಪಕರು. ಮೊದಲಿಗೆ ಅಧ್ಯಾಪಕರ ಅನುಮತಿ ಪಡೆದು ಪಾಠ ಕೇಳಿದ ಎಮ್ಮಿ, ವಿದ್ಯಾರ್ಥಿನಿಯಾಗಿ ವಿಧಿವತ್ತಾಗಿ ದಾಖಲಾದದ್ದು 1904ರಲ್ಲಿ. 1907ರ ಮಹಾಪ್ರಬಂಧದಲ್ಲಿ, ಚರಾಕ್ಷರಗಳನ್ನು ಬದಲಿಸಿದರೂ ಸ್ವರೂಪ ಕೆಡದ 300ಕ್ಕೂ ಹೆಚ್ಚು ಬೀಜೋಕ್ತಿಗಳ ಪಟ್ಟಿಯಿದೆ. ಮುಂದೆ ಅವರೇ ಅದನ್ನು ಕಸವೆಂದು ತಳ್ಳಿಹಾಕಿದರು. ಮುಂದಿನ ಬರಹಗಳನ್ನು ಓದಿದವರಿಗೆ ಆ ಮಾತು ಅತಿಯೆನಿಸುವುದಿಲ್ಲ.

ಸಂಬಳವಿಲ್ಲದೆ ಅಲ್ಲಿಯೇ ಕೆಲಸ ಮಾಡುತ್ತಿದ್ದ ಅವರನ್ನು 1915ರಲ್ಲಿ ಗಣಿತಜ್ಞರಾದ ಹಿಲ್ಬರ್ಟ್ ಮತ್ತು ಕ್ಲೈನ್ ಗಟಿಂಗನ್‌ಗೆ ಕರೆಸಿಕೊಂಡರು. ಆದರೆ ಮಹಿಳೆಗೆ ಬೋಧನೆಯ ಹಕ್ಕು ನೀಡಲು ಗಟಿಂಗನ್ ಇದ್ದ ಪ್ರಷ್ಯಾ ರಾಜ್ಯದ ನಿಯಮ ಒಪ್ಪುತ್ತಿರಲಿಲ್ಲ. ಹೀಗಾಗಿ ಅವರ ಉಪನ್ಯಾಸಗಳು ಹಿಲ್ಬರ್ಟ್ ಹೆಸರಿನಲ್ಲಿ, 'ನೋಯ್ಟರ್ ಅವರ ನೆರವಿನೊಂದಿಗೆ' ಎಂಬ ಒಕ್ಕಣೆಯಲ್ಲಿ ಘೋಷಣೆಯಾಗುತ್ತಿದ್ದವು. ಸಮಮಿತಿಗೂ ಸಂರಕ್ಷಣಾ ನಿಯಮಕ್ಕೂ ನಂಟು ಹಾಕಿದ 1918ರ ಪ್ರಮೇಯ ಈ ಅವಧಿಯದೇ: ಭೌತನಿಯಮವು ಕಾಲದೊಂದಿಗೆ ಬದಲಾಗದಿದ್ದರೆ ಶಕ್ತಿ ಉಳಿಯುತ್ತದೆ, ಸ್ಥಳದೊಂದಿಗೆ ಬದಲಾಗದಿದ್ದರೆ ಸಂವೇಗ ಉಳಿಯುತ್ತದೆ. ಬೋಧನೆಯ ಹಕ್ಕು ಸಿಕ್ಕಿದ್ದು 1919ರಲ್ಲಿ, ಪ್ರಾಧ್ಯಾಪಕರೆಂಬ ಹೆಸರು 1922ರಲ್ಲಿ. ಅಲ್ಪ ಸಂಭಾವನೆಯ ಬೋಧನಾ ಕೆಲಸ 1923ರಲ್ಲಿ.

ಈ ನಡುವೆ ಬಂದ 1921ರ ಪ್ರಬಂಧವನ್ನು ನಿಧಾನವಾಗಿ ಓದಬೇಕು. ಪೂರ್ಣಾಂಕಗಳಲ್ಲಿ 72ರ ಅಪವರ್ತ್ಯಗಳ ಗಣವನ್ನು ತೆಗೆದುಕೊಳ್ಳಿ. ಅದು 24ರ ಅಪವರ್ತ್ಯಗಳ ಗಣದೊಳಗಿದೆ, ಅದು 12ರದರೊಳಗೆ, ಅದು 6ರದರೊಳಗೆ, ಅದು 3ರದರೊಳಗೆ. ಪ್ರತಿ ಹೆಜ್ಜೆಯಲ್ಲೂ ಗಣ ಹಿಗ್ಗುತ್ತದೆ, ಆದರೆ 72ಕ್ಕೆ ಇರುವ ಅಪವರ್ತನಗಳು ಪರಿಮಿತವಾದ್ದರಿಂದ ಸರಪಳಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಇಂಥ ಗಣಗಳಿಗೆ ಐಡಿಯಲ್ ಎಂದು ಹೆಸರು. ನೋಯ್ಟರ್ ಸಂಖ್ಯೆಗಳನ್ನು ಬದಿಗಿಟ್ಟು, 'ಏರುವ ಸರಪಳಿ ನಿಲ್ಲುತ್ತದೆ' ಎಂಬ ಒಂದೇ ಷರತ್ತನ್ನು ಆಧಾರವಾಗಿ ಹಿಡಿದರು. ಐಡಿಯಲ್‌ಗಳನ್ನು ಸರಳ ಘಟಕಗಳಾಗಿ ಬಿಡಿಸಬಹುದೆಂಬುದು ಅದರಿಂದಲೇ ಹೊರಟಿತು. ಪಟ್ಟಿ ಮಾಡುತ್ತಿದ್ದ ಕೈ ಇಲ್ಲಿ ಪಟ್ಟಿಯ ಅಗತ್ಯವನ್ನೇ ತೆಗೆದುಹಾಕಿದೆ. ಪೂರ್ಣಾಂಕಗಳಂತೆ ಕೂಡಿಸಲು, ಕಳೆಯಲು, ಗುಣಿಸಲು ಬರುವ ವ್ಯವಸ್ಥೆಗಳಿಗೆ ವಲಯಗಳೆಂದು ಹೆಸರು; ಈ ಷರತ್ತು ಪಾಲಿಸುವ ವಲಯಗಳನ್ನು ಇಂದು ನೋಯ್ಟರ್ ವಲಯಗಳೆನ್ನುತ್ತೇವೆ.

1932ರಲ್ಲಿ ಜ್ಯೂರಿಕ್‌ನ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದ ಪೂರ್ಣಾಧಿವೇಶನದಲ್ಲಿ ಅವರು ಮಾತನಾಡಿದರು. ಮರುವರ್ಷವೇ ನಾಜಿ ಸರ್ಕಾರ ಯಹೂದಿಯೆಂಬ ಕಾರಣಕ್ಕೆ ಅವರ ಬೋಧನೆಯ ಹಕ್ಕನ್ನು ಕಿತ್ತುಕೊಂಡಿತು. ಅಮೆರಿಕದ ಬ್ರಿನ್ ಮಾರ್ ಕಾಲೇಜಿಗೆ ಹೋದ ಅವರು ಪ್ರಿನ್ಸ್‌ಟನ್‌ನಲ್ಲಿಯೂ ಉಪನ್ಯಾಸ ನೀಡುತ್ತಿದ್ದರು. ಶಸ್ತ್ರಚಿಕಿತ್ಸೆಯ ನಂತರ 1935ರ ಏಪ್ರಿಲ್ 14ರಂದು, 53ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರದು ತಾತ್ಕಾಲಿಕ ನೇಮಕವೇ ಆಗಿತ್ತು.